ನಾಲ್ಕು ಮನೆ ಹಿಂದೆ ಹೋಗಿ

ಮೊನ್ನೆ ಶಿರಸಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಗುರುತಿನ ಚೀಟಿಗೆ ಲ್ಯಾಮಿನೇಷನ್ ಮಾಡಿಸಲು ನಿಂತಿದ್ದೆ. ಬಿಸಿ ಪ್ಲಾಸ್ಟಿಕ್ಕಿನ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಟ್ಟು ನೆತ್ತಿಗೇರಿತು. ಅಂಗಡಿಯವನ ಮೇಲಲ್ಲ, ಅವನು ಪಾಪದವನು. ಕೆಲವು ವರ್ಷಗಳ ಹಿಂದೆ ಇದೇ ವಾಸನೆಯಲ್ಲಿ ಒಂದಿಡೀ ಸಂಜೆ ನಿಂತು, ಒಂದು ಕಟ್ಟು ಕಾರ್ಡುಗಳಿಗೆ ಪ್ಲಾಸ್ಟಿಕ್ಕು ಹೊದಿಸಿಕೊಂಡು ಬೀಗುತ್ತ ಹೋದ ಒಬ್ಬ ವಿಜ್ಞಾನದ ಮೇಷ್ಟರ ಮೇಲೆ. ಆ ಮೇಷ್ಟರು ನಾನೇ ಎಂದು ಬೇರೆ ಹೇಳಬೇಕಾಗಿಲ್ಲ.

ನಡೆದದ್ದು ಇಷ್ಟು. ಮೇಲಿನಿಂದ ಒಂದು ಆದೇಶ ಬಂತು. ಮೇಲೆ ಎಂದರೆ ಎಲ್ಲಿ ಎಂದು ಕೇಳಬೇಡಿ, ಮೇಷ್ಟರುಗಳಿಗೆ ಎಲ್ಲವೂ ಮೇಲಿನಿಂದಲೇ ಬರುತ್ತದೆ. ಮಕ್ಕಳನ್ನೂ ಅವರ ಅಜ್ಜ-ಅಜ್ಜಿಯರನ್ನೂ ಒಟ್ಟಿಗೆ ಕೂರಿಸಿ ಆಟ ಆಡಿಸಬೇಕು, ಆಟದ ಮೂಲಕ ಇಬ್ಬರಿಗೂ ಹವಾಮಾನ ಬದಲಾವಣೆಯನ್ನು ಕಲಿಸಬೇಕು. ಅದಕ್ಕಾಗಿ ಯಲ್ಲಾಪುರದಲ್ಲಿ ಎರಡು ದಿನ ತರಬೇತಿ. ಆಗ ಸಿದ್ದಾಪುರದಿಂದ ನಮ್ಮಲ್ಲಿಗೆ ಬಂದಿದ್ದ ಅಮ್ಮ, ನಾನು ಚೀಲ ತುಂಬುವುದನ್ನು ನೋಡಿ ಕೇಳಿದಳು:

"ಎಂತದಾ ತಮಾ, ಆಟ ಆಡದಕ್ಕೂ ಟ್ರೇನಿಂಗಾ?"

"ಆಟ ಆಡದಕ್ಕಲ್ಲ ಅಮ್ಮ, ಆಡ್ಸದಕ್ಕೆ."

"ಹಂಗಾದ್ರೆ ಆನಂತೂ ಬತ್ತಿಲ್ಲೆ," ಎಂದು ಕರೆಯುವ ಮೊದಲೇ ಬರಲೊಪ್ಪದೆ ಅವಳು ತನ್ನ ಕವಳದ ಎಲೆ-ಅಡಿಕೆ ಬಟ್ಟಲು ಎಳೆದುಕೊಂಡಳು. ಆವತ್ತೇ ನನಗೆ ಬುದ್ಧಿ ಬರಬೇಕಿತ್ತು.

ತರಬೇತಿಯಲ್ಲಿ ನಮಗೆ ಕೊಟ್ಟದ್ದು ಹಾವು-ಏಣಿಯಂಥ ಒಂದು ದೊಡ್ಡ ಹಾಳೆ, ಒಂದು ದಾಳ, ಒಂದು ಕಟ್ಟು ಕಾರ್ಡು. 'ನೀವು ವಿಮಾನದಲ್ಲಿ ಪ್ರಯಾಣಿಸಿದಿರಿ, ಆರು ಮನೆ ಹಿಂದೆ ಹೋಗಿ.' 'ಹಿಮಕರಡಿಯ ಮನೆ ಕರಗಿತು, ಒಂದು ಸರದಿ ಬಿಡಿ.' ನಮ್ಮ ಶಾಲೆ ಇರುವುದು ದಾಸನಕೊಪ್ಪದ ಕಡೆ. ಅಲ್ಲಿನ ಅಜ್ಜಿಯರು ಹಿಮಕರಡಿಯ ಮನೆಗೆ ಏನು ಮಾಡಬೇಕು, ನೀವೇ ಹೇಳಿ. ತರಬೇತುದಾರರನ್ನು ಹಾಗೆಂದು ಕೇಳಿದ್ದಕ್ಕೆ, "ಸ್ಥಳೀಯವಾಗಿ ಅಳವಡಿಸಿಕೊಳ್ಳಿ ಸರ್" ಎಂದರು. ನಾನು ಬಿಡುತ್ತೇನೆಯೇ? ಮನೆಗೆ ಬಂದು ಸ್ವಂತ ಬುದ್ಧಿಯಿಂದ ಇಪ್ಪತ್ತು ಕಾರ್ಡು ಹೊಸದಾಗಿ ಬರೆದೆ, ಪ್ಲಾಸ್ಟಿಕ್ಕು ಹೊದಿಸಿದ್ದೂ ಇವಕ್ಕೇ. ಅವುಗಳಲ್ಲಿ ಒಂದರ ಬಗ್ಗೆ ನನಗೆ ವಿಶೇಷ ಹೆಮ್ಮೆಯಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಆಟದ ದಿನ ಜನವರಿಯ ಒಂದು ಶನಿವಾರ. ಹಿರಿಯರು ಬಂದದ್ದೇನೋ ನಿಜ, ಆದರೆ ಯಾಕೆ ಬಂದಿದ್ದೇವೆಂಬುದು ಅವರಲ್ಲಿ ಯಾರಿಗೂ ಖಚಿತವಿರಲಿಲ್ಲ. ಒಬ್ಬರು ಅಂಗಿಯ ತೋಳು ಮಡಚಿ, "ಮೊದ್ಲ ನಂದು ಬಿಪಿ ನೋಡ್ರಿ," ಎಂದು ಕೈ ಚಾಚಿದರು. ಇನ್ನೊಬ್ಬರಿಗೆ ಕನ್ನಡಕ ಹಂಚುತ್ತಾರೆಂದು ಯಾರೋ ಹೇಳಿದ್ದರು. ಕೊನೆಯವರೆಗೂ ಅವರು ನನ್ನನ್ನು ಕನ್ನಡಕ ಬಚ್ಚಿಟ್ಟುಕೊಂಡ ಕಳ್ಳನಂತೆಯೇ ನೋಡುತ್ತಿದ್ದರು. ಈ ಗದ್ದಲದ ನಡುವೆ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಮೇಲಿನವರ ಸಂದೇಶಕ್ಕೆ ಮೊಬೈಲು ಕಿಣಿಗುಟ್ಟುತ್ತಿತ್ತು: 'ಫೋಟೋ ಕಳಿಸಿ. ಎಲ್ಲರೂ ನಗುತ್ತಿರಲಿ.'

ಹಾಳೆಯ ಎದುರಿಗೆ ಗುರುಶಾಂತವ್ವ ಕೂತಿದ್ದರು. ಎಪ್ಪತ್ತೈದರ ಆಸುಪಾಸು, ನೆಟ್ಟಗಿನ ಬೆನ್ನು, ಗಟ್ಟಿ ದನಿ. ಮನೆಯ ಬಿತ್ತನೆಯ ಬೀಜ ಕಾಯುವುದು ಅವರ ಕೆಲಸ. ಮದುವೆಯಾಗಿ ಬಂದು ಕೆಲವೇ ವರ್ಷಗಳಲ್ಲಿ ಅತ್ತೆಯಿಂದ ಆ ಕೆಲಸ ಅವರ ಕೈಗೆ ಬಂದಿತ್ತಂತೆ. ಬೀಜದ ಜೊತೆಗೆ ಇನ್ನೊಂದು ಅಧಿಕಾರವೂ ಬಂದಿತ್ತು. ರೋಹಿಣಿ ಮಳೆ ಬಿದ್ದ ಮೇಲೆ ಹೊಲಕ್ಕೆ ಹೋಗಿ, ಒಂದು ಹಿಡಿ ಮಣ್ಣು ಹಿಸುಕಿ ನೋಡಿ, "ನಾಳಿ ಬಿತ್ರಿ" ಎಂದು ಹೇಳುವ ಅಧಿಕಾರ. ಅಕ್ಕಪಕ್ಕದವರೂ ಅವರ ಮಾತಿಗೆ ಕಾಯುತ್ತಿದ್ದರೆಂದು ಕೇಳಿದ್ದೆ. ಅವರ ಜೋಡಿಗೆ ಮೊಮ್ಮಗಳು ನೀಲಾ, ಒಂಬತ್ತನೆಯ ತರಗತಿ, ನನ್ನ ಅಚ್ಚುಮೆಚ್ಚಿನ ವಿದ್ಯಾರ್ಥಿನಿ.

ಮೊದಲ ಕಾರ್ಡಿಗೇ ಜಗಳ. ವಿಮಾನದ ಕಾರ್ಡು ಬಂತು. ಗುರುಶಾಂತವ್ವ ಕಾಯಿ ಬಿಗಿಯಾಗಿ ಹಿಡಿದುಕೊಂಡರು.

"ನಾ ವಿಮಾನ ಹತ್ತೇ ಇಲ್ಲ. ಹಿಂದ್ ಯಾಕ್ ಹೋಗ್ಲಿ?"

"ಅದು ಆಟ ಅಜ್ಜಿ," ಎಂದೆ.

"ಆಟ ಆದ್ರೂ ಮಾಡದ ತಪ್ಪ ಒಪ್ಕೋ ಅಂದ್ರ ಹ್ಯಾಂಗ್ರಿ?"

"ಆಯ್ತು, ಬಿಡಿ," ಎಂದು ಹಲ್ಲು ಕಚ್ಚಿ ಮುಂದೆ ಹೋದೆ. ಎರಡು ಸರದಿ ಕಳೆದವು. ಆಮೇಲೆ ನೀಲಾ ಎತ್ತಿದ ಕಾರ್ಡು ನನ್ನ ಹೆಮ್ಮೆಯ ಆ ಕಾರ್ಡು. ಹುಡುಗಿ ಸ್ಪಷ್ಟವಾಗಿ ಓದಿದಳು: 'ಹಳೆಯ ಲೆಕ್ಕ ನಂಬಿ ರೋಹಿಣಿ ಮಳೆಗೆ ಬಿತ್ತಿದಿರಿ. ಮಳೆ ಕೈಕೊಟ್ಟಿತು. ನಾಲ್ಕು ಮನೆ ಹಿಂದೆ ಹೋಗಿ.' ಓದಿ ಮುಗಿಸಿದವಳು, ಮಕ್ಕಳು ಯೋಚಿಸದೆ ನಿಜ ಹೇಳಿಬಿಡುತ್ತಾರಲ್ಲ, ಹಾಗೆ ಹೇಳಿದಳು:

"ಸರ್, ಇದು ನಮ್ಮ ಮನ್ಯಾಗ ಖರೇನ ಆಗೇತಿ. ಹೋದ್ ವರ್ಷ ಅಜ್ಜಿ ಬಿತ್ರಿ ಅಂದ್ಲು. ಮೊಳಕಿ ಎಲ್ಲಾ ಒಣಗಿ ಹೋತು. ಈಗ ಅಪ್ಪ ಅಜ್ಜೀನ್ನ ಕೇಳೂದ ಬಿಟ್ಟಾನ."

ಬಿಪಿಯ ಅಜ್ಜ ತೋಳು ಇಳಿಸಿಕೊಂಡರು. ಗುರುಶಾಂತವ್ವ ತಮ್ಮ ಕಾಯಿಯನ್ನು ಹಾಳೆಯ ಹೊರಗಿಟ್ಟರು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದರು.

"ನಾಲ್ಕ ಮನಿ ಹಿಂದ ಯಾಕ್ರಿ ಮಾಸ್ತರ, ನಮ್ಮ ಮನಿಗೇ ಹೊಕ್ಕೀನಿ."

ಹೋಗಿಯೇಬಿಟ್ಟರು. ಅದೇ ಹೊತ್ತಿಗೆ ಮೊಬೈಲು ಕಿಣಿಗುಟ್ಟಿತು. ಏನೆಂದು ನೋಡಲಿಲ್ಲ.

ಆ ವಾರವೆಲ್ಲ ನಾನು ಎಲ್ಲರ ಮೇಲೂ ರೇಗಾಡಿದೆ. ತರಬೇತಿ ಕೊಟ್ಟವರ ಮೇಲೆ, ನಗುಮುಖದ ಫೋಟೋ ಕೇಳಿದವರ ಮೇಲೆ, ಇಷ್ಟು ಸಣ್ಣದಕ್ಕೆ ಎದ್ದು ಹೋದ ಮುದುಕಿಯ ಮೇಲೂ. ಆದರೆ ಆ ಕಾರ್ಡು ಬರೆದವರು ಯಾರೆಂಬ ಪ್ರಶ್ನೆ ಬಂದಾಗ ಮಾತ್ರ ರೇಗಲು ಬೇರೆ ಯಾರೂ ಸಿಗಲಿಲ್ಲ. ಶುಕ್ರವಾರ ನೀಲಾ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಕಣ್ಣು ಕೆಂಪಾಗಿದ್ದವು.

"ಸರ್, ಅಜ್ಜಿ ನನ್ನ ಜೋಡಿ ಮಾತ ಬಿಟ್ಟಾಳ. ನೀವ ಒಮ್ಮೆ ಬರ್ರಿ."

ಮರುದಿನ ಬೈಕು ಹತ್ತಿ ಹೋದೆ. ಗುರುಶಾಂತವ್ವ ಅಂಗಳದಲ್ಲಿ ಬಿತ್ತನೆಯ ಭತ್ತ ಹರವಿ, ಜೊಳ್ಳು ಆರಿಸುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಕ್ಷಮಾಪಣೆಯನ್ನು ನಾನು ಅರ್ಧ ಹೇಳುವಷ್ಟರಲ್ಲಿ ಅವರೇ ತಡೆದರು.

"ಬರ್ರಿ, ಕುಂದರ್ರಿ. ಒಂದ ಮಾತ ಕೇಳ್ತೀನಿ. ನಿಮ್ಮ ಆಟದಾಗ ತಪ್ಪೆಲ್ಲಾ ಮನಶ್ಯಾರದ್ದ ಐತಿ. ಮಳೀದು ಒಂದೂ ತಪ್ಪಿಲ್ಲೇನ್ರಿ?"

ನಾನು ಬಾಯಿ ತೆರೆದೆ. ಇಂಗಾಲ, ಸಮುದ್ರದ ಬಿಸಿ, ಮುಂಗಾರಿನ ದಿಕ್ಕು, ಪಾಠವೆಲ್ಲ ನಾಲಿಗೆಯ ತುದಿಯಲ್ಲಿತ್ತು. ಮಳೆ ಕೆಟ್ಟದ್ದರಲ್ಲೂ ಮನುಷ್ಯರ ಪಾಲಿದೆ ಎಂದು ಹೇಳಬಹುದಿತ್ತು. ಆದರೆ ಅದರಲ್ಲಿ ತಮ್ಮ ಪಾಲು ಎಷ್ಟು ಎಂದು ಅವರು ಮರುಪ್ರಶ್ನೆ ಹಾಕಿದರೆ? ಬಾಯಿ ಮುಚ್ಚಿಕೊಂಡೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಮಾಡಿದ ಕೆಲವೇ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ಅವರು ಎದ್ದು ಒಳಗಿನಿಂದ ನಾಲ್ಕು ಕವಡೆ, ಒಂದು ಹಿಡಿ ಹುಣಸೆಬೀಜ ತಂದರು. ಜಗಲಿಯ ಮೇಲೆ ಸುಣ್ಣದ ತುಂಡಿನಿಂದ ಚೌಕ ಗೀರಿ, ಕಂಬಕ್ಕೆ ಒರಗಿ ನಿಂತಿದ್ದ ಮೊಮ್ಮಗಳ ಕಡೆ ನೋಡದೆಯೇ, "ನೀ ಮಳಿ," ಎಂದರು. ವಾರದಲ್ಲಿ ಆ ಹುಡುಗಿಗೆ ಸಿಕ್ಕ ಮೊದಲ ಮಾತು ಅದು. ನನಗೆ ಐದು ಬೀಜ ಕೊಟ್ಟರು. ಮಳೆಯಾದ ನೀಲಾ ಕವಡೆ ಎಸೆಯುವ ಮುಂಚೆಯೇ ನಾನು ಚೌಕದಲ್ಲಿ ಬೀಜ ಇಡಬೇಕು, ಇಲ್ಲವೇ ತಡೆಯಬೇಕು. ಎರಡು ಕವಡೆಯಾದರೂ ಅಂಗಾತ ಬಿದ್ದರೆ ಮಳೆ, ಇಲ್ಲದಿದ್ದರೆ ಇಟ್ಟ ಬೀಜ ಸತ್ತಿತು. ಆರು ಎಸೆತಕ್ಕೆ ಕಾಲ ಮುಗಿಯಿತು. ಕೈಯಲ್ಲೇ ಉಳಿದ ಬೀಜವೂ ದಂಡ.

ಮೊದಲ ಸಲ ಐದನ್ನೂ ಒಟ್ಟಿಗೆ ಇಟ್ಟೆ, ಒಣಗಿದವು. ಎರಡನೆಯ ಸಲ ಹೆದರಿ ತಡೆಯುತ್ತ ಕೂತೆ, ಮೇಲಿಂದ ಮೇಲೆ ಮಳೆ ಬಂದು ಕಾಲವೇ ಮುಗಿದುಹೋಯಿತು. ಮೂರನೆಯದರಲ್ಲಿ ಲೆಕ್ಕ ಹಾಕಿ ಇಟ್ಟೆ. ಗಣಿತವೂ ಕೈಕೊಟ್ಟಿತು. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಹುಣಸೆಬೀಜಕ್ಕಾಗಿ!

ಆಮೇಲೆ ಕವಡೆಯನ್ನು ಅಜ್ಜಿಗೆ ಕೊಟ್ಟು ನೀಲಾ ಬಿತ್ತಿದಳು. ಎರಡು ಬೀಜ ಇಟ್ಟು ಮೂರನ್ನು ಮುಷ್ಟಿಯಲ್ಲಿ ಉಳಿಸಿಕೊಂಡಳು.

"ಯಾರ್ ಹೇಳಿಕೊಟ್ರು?" ಅಜ್ಜಿ ಕೇಳಿದರು.

"ಯಾರೂ ಇಲ್ಲ. ಹೆದ್ರಿಕಿ ಬಂತು."

ಕೊನೆಗೆ ಗುರುಶಾಂತವ್ವ ತಾವೇ ಬೀಜ ಹಿಡಿದು ಕೂತರು. ನೀಲಾ ಕವಡೆ ಕುಲುಕುತ್ತ ಕಾದಳು. ಅಜ್ಜಿಯ ಕೈ ಚೌಕದ ಮೇಲೆ ಬಂದು, ಹಿಂದೆ ಹೋಯಿತು. ಮತ್ತೆ ಬಂತು. ಭತ್ತಕ್ಕೆ ಬಾಯಿ ಹಾಕಲು ಬಂದ ಕೋಳಿಯನ್ನು ಓಡಿಸಲೂ ಯಾರೂ ಏಳಲಿಲ್ಲ.

"ನಂಗ ತಿಳೀವಲ್ದು, ಮಗಳ," ಎಂದರು. ಆ ಗಟ್ಟಿ ದನಿ ಅಷ್ಟು ಸಣ್ಣದಾಗಬಹುದೆಂದು ನನಗೆ ಗೊತ್ತಿರಲಿಲ್ಲ. "ಇಷ್ಟ ವರ್ಷ ಮಣ್ಣ ಹಿಡದ್ರ ತಿಳೀತಿತ್ತು. ಈಗ ತಿಳೀವಲ್ದು."

ನೀಲಾ ಕವಡೆ ಕೆಳಗಿಟ್ಟಳು. ಹತ್ತಿರ ಸರಿದು, ಅಜ್ಜಿಯ ಮುಷ್ಟಿ ಬಿಡಿಸಿ, ಬೀಜಗಳನ್ನು ಎರಡು ಪಾಲು ಮಾಡಿದಳು. ಕಣ್ಣೊರೆಸಿಕೊಂಡದ್ದು ಇಬ್ಬರಲ್ಲಿ ಯಾರೆಂದು ನಾನು ನೋಡಲು ಹೋಗಲಿಲ್ಲ. ಬಾಗಿಲಲ್ಲಿ ಗುರುಶಾಂತವ್ವನವರ ಮಗ ಯಾವಾಗಿನಿಂದಲೋ ನಿಂತಿದ್ದ.

ಆ ಮುಂಗಾರಿಗೆ ಅವನು ಹೊಲವನ್ನು ಒಂದೇ ಸಲ ಬಿತ್ತಲಿಲ್ಲ. ತಾಯಿಯನ್ನು ಹೊಲಕ್ಕೆ ಕರೆದೊಯ್ದು, ಅವರು ಹೇಳಿದಂತೆ ರೋಹಿಣಿಗೆ ಒಂದು ಪಾಲು, ಮುಂದಿನ ಮಳೆಗೆ ಇನ್ನೊಂದು ಪಾಲು ಬಿತ್ತಿದ. ಮೊದಲಿನದು ಪೂರ್ತಿ ಹೋಯಿತು, ಎರಡನೆಯದು ನಿಂತಿತು. ಇದರಲ್ಲಿ ಗೆದ್ದವರು ಯಾರೆಂದು ಅಜ್ಜಿ-ಮೊಮ್ಮಗಳು ಇವತ್ತಿಗೂ ವಾದ ಮಾಡುತ್ತಾರೆ. ಮೇಲಕ್ಕೆ ಕಳಿಸಬೇಕಿದ್ದ ವರದಿಯಲ್ಲಿ 'ಕಲಿಕೆಯ ಫಲ' ಎಂಬ ಅಂಕಣಕ್ಕೆ ಇದನ್ನೆಲ್ಲ ಹೇಗೆ ತುಂಬುವುದೆಂದು ತಿಳಿಯದೆ, 'ಉತ್ತಮ' ಎಂದು ಬರೆದು ಕಳಿಸಿದೆ.

ಮೊನ್ನೆ ಆ ಜೆರಾಕ್ಸ್ ಅಂಗಡಿಯಿಂದ ಬಂದ ಮರುದಿನ ಎಂಟನೆಯ ತರಗತಿಯಲ್ಲಿ ಒಬ್ಬಳು ಎದ್ದು, "ಸರ್, ಈ ವರ್ಷ ಮಳಿ ಯಾವಾಗ ಬರ್ತೈತ್ರಿ?" ಎಂದು ಕೇಳಿದಳು. ಹಿಂದಾದರೆ ನಕಾಶೆ ತೂಗುಹಾಕಿ ಅರ್ಧ ಗಂಟೆ ಕೊರೆಯುತ್ತಿದ್ದೆ. "ನನಗೆ ಗೊತ್ತಿಲ್ಲ. ಮನೆಯಲ್ಲಿ ಹಿರಿಯರು ಏನಂತಾರೆ ಕೇಳಿಕೊಂಡು ಬನ್ನಿ," ಎಂದೆ. ಮರುದಿನ ಅನುಭವಿಸಿದೆ. ಮೂವತ್ತು ಮಕ್ಕಳು, ಮೂವತ್ತು ಉತ್ತರ, ತಮ್ಮ ತಮ್ಮ ಅಜ್ಜಿಯ ಪರವಾಗಿ ಮೂವತ್ತು ಜಗಳ. ಬೋರ್ಡು ತುಂಬ ಬರೆದೆ. ಒಂದಕ್ಕೊಂದು ತಾಳೆಯಿಲ್ಲ, ತಲೆ ಸಿಡಿಯುತ್ತಿತ್ತು. ಗಂಟೆ ಹೊಡೆಯಿತು. ಗಣಿತದ ಮೇಡಂ ಒಳಬಂದು ಬೋರ್ಡು ನೋಡಿ, "ಇದನ್ನ ಒರೆಸೋರು ಯಾರು ಸರ್?" ಎಂದು ಸಿಡುಕಿದರು. ಅಷ್ಟರಲ್ಲಿ ನಾನು ಡಸ್ಟರನ್ನು ಕಂಕುಳಲ್ಲಿ ಇರುಕಿಕೊಂಡು ವರಾಂಡ ದಾಟಿದ್ದೆ.