ಅಲ್ಲ ಮೇಷ್ಟ್ರು
ನಿವೃತ್ತ ಮೇಷ್ಟ್ರು ಕಂಚುಗಾರನ ಅಂಗಡಿಗೆ ಮೊದಲ ಸಲ ಬಂದಾಗ ಅವರ ಕಂಕುಳಲ್ಲಿ ಟವೆಲ್ ಸುತ್ತಿದ ಗಂಟೊಂದಿತ್ತು. ಕೂಸನ್ನು ಮಲಗಿಸುವ ಹಾಗೆ ಅದನ್ನಿಟ್ಟು ಬಿಚ್ಚಿದರು. ಒಳಗೆ ಬಾತುಕೋಳಿಯ ಕೊಕ್ಕಿನಂತೆ ಬಾಗಿದ, ಗಿಡ್ಡ ಹಿಡಿಯ ಹಳೇ ಸುತ್ತಿಗೆ. "ಇದು ಯಾವ ಕೆಲಸದ್ದೋ ನನಗೆ ಗೊತ್ತಿಲ್ಲ, ಹೇಳು ನೋಡೋಣ." "ಬಿಂದಿಗೆ ಕಂಠ ಮಡಚೋದು ಸ್ವಾಮಿ," ಎಂದು ಕಂಚುಗಾರ ತಗಡೊಂದನ್ನು ಬಡಿದು ತೋರಿಸಿದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು, "ಅಲ್ಲ," ಎಂದರು. ಅಂದಿನಿಂದ ಅವನ ತಲೆ ಚಿಟ್ಟು ಹಿಡಿಯಿತು. ಊಟಕ್ಕೆ ಕೂತರೆ ಮೇಷ್ಟ್ರು ಪ್ರತ್ಯಕ್ಷ, ಬಾಗಿಲು ಹಾಕಹೊರಟರೆ ಅಡ್ಡ. ಕಮ್ಮಾರ ಬಡಿದು ತೋರಿಸಿದ್ದೂ ಅಲ್ಲ, ಬೀಗ ರಿಪೇರಿಯವನು ತೋರಿಸಿದ್ದೂ ಅಲ್ಲ; ಸಾಕ್ಷಾತ್ ಬ್ರಹ್ಮನೇ ಇಳಿದು ಬಂದು ಹೇಳಿದರೂ ಇವರದು 'ಅಲ್ಲ'ವೇ. "ಏನಂತ ಗೊತ್ತಿಲ್ಲ ಅಂತೀರಿ, ಅಲ್ಲ ಅನ್ನೋದು ಮಾತ್ರ ಹೆಂಗೆ ಗೊತ್ತಾಗುತ್ತೆ ನಿಮಗೆ?" ಎಂದು ಕೊನೆಗೊಂದು ದಿನ ಕಂಚುಗಾರ ರೇಗಿದ. "ನಮ್ಮಪ್ಪನದಪ್ಪಾ ಇದು. ಅವರು ಹಿತ್ತಿಲಲ್ಲಿ ಬಡೀತಾ ಇದ್ರೆ ನನಗೆ ನಿದ್ದೆ ಬರ್ತಿತ್ತು. ಏನು ಮಾಡ್ತಿದ್ರೋ ನೆನಪಿಲ್ಲ, ಸದ್ದು ಮಾತ್ರ ಇನ್ನೂ ಕಿವೀಲಿದೆ. ನೀನು ಬಡಿದದ್ದು ಆ ಸದ್ದಲ್ಲ." ಈಗ ಮೇಷ್ಟ್ರು ದಿನಾ ಅಂಗಡಿಯ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ, ಕಂಚುಗಾರ ಗೊಣಗುತ್ತಲೇ ಆ ಸುತ್ತಿಗೆಯಿಂದ ಬೇರೆ ಬೇರೆ ತಗಡು ಬಡಿಯುತ್ತಾನೆ.