ಕೋವಿಯನ್ನು ಕಣ್ಣಿಗೊತ್ತಿಕೊಂಡ ಶುಕ್ರವಾರ

ಕೋವಿ ಆರಿಸುವುದಕ್ಕೆ ಯಜಮಾನರು ನನ್ನನ್ನೇ ಯಾಕೆ ಕರೆದುಕೊಂಡು ಹೋದರು ಎಂಬುದು ಅವತ್ತು ನನಗೆ ಅರ್ಥವಾಗಿರಲಿಲ್ಲ. ಈಗ ಅರ್ಥವಾಗಿದೆ ಎಂದು ಹೇಳಿಕೊಳ್ಳುತ್ತೇನೆ. ಆದರೆ ಹೆಂಡತಿ “ಹಾಗಾದ್ರೆ ಸರಿಯಾಗಿ ಹೇಳಿ ನೋಡುವಾ” ಎಂದರೆ ಅರ್ಧ ದಾರಿಯಲ್ಲೇ ಎಲ್ಲ ಗೋಜಲಾಗಿ, ಅವಳ ಮೇಲೇ ರೇಗುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ಮಸ್ಕತ್ತಿನ ರೂವಿಯ ಒಂದು ಕಟ್ಟಡ ಸಾಮಾನಿನ ಅಂಗಡಿಯಲ್ಲಿ ನಾನು ಗುಮಾಸ್ತ. ಸಿಮೆಂಟು, ಪೈಪು, ಪೈಂಟು. ಮನೆ ದಾರ್ಸೈಟಿನ ಎರಡು ಕೋಣೆಯ ಫ್ಲ್ಯಾಟು. ಅಂಗಡಿಯ ಯಜಮಾನರು, ಅಂದರೆ ನನ್ನ ವೀಸಾಕ್ಕೆ ಹೊಣೆಯಾದ ಕಫೀಲರು, ಅರವತ್ತು ದಾಟಿದ ಒಬ್ಬ ಒಮಾನಿ. ನಾವೆಲ್ಲ ಅವರನ್ನು ಅರ್ಬಾಬ್ ಎನ್ನುತ್ತಿದ್ದೆವು. ಅವರ ಮನೆ ಗುಡ್ಡದಾಚೆ ಅಮೇರಾತಿನಲ್ಲಿ. ಸುತ್ತ ಬರೀ ಕಲ್ಲು, ನಡುವೆ ಮನೆ, ಹಿಂದೆ ಆಡಿನ ಕೊಟ್ಟಿಗೆ. ಅವರ ತಮ್ಮ ನನ್ನ ಓರಗೆಯವ, ಅಂಗಡಿಯಲ್ಲಿ ಪಾಲುದಾರ, ತುಂಬ ಚುರುಕು.

ಅರ್ಬಾಬರ ಕಣ್ಣು ಹೋಗುತ್ತಿತ್ತು. ನನಗಿದು ಗೊತ್ತಾದದ್ದು ಆಮೇಲೆ. ಆದರೂ ಈಗಲೇ ಹೇಳಿಬಿಡುತ್ತೇನೆ, ನಾನು ಪಟ್ಟ ಪಾಡು ನೀವೂ ಪಡುವುದು ಬೇಡ. ಅದು ಗೊತ್ತಾದರೆ ಅಂಗಡಿಯ ಬೀಗದ ಕೈ ತಮ್ಮನ ಸೊಂಟಕ್ಕೆ ಹೋಗುತ್ತದೆ, ತನ್ನನ್ನು ಅತಿಥಿಗಳು ಕೂರುವ ಮಜ್ಲಿಸಿನ ದಿಂಬಿಗೆ ಒರಗಿಸಿ ಕಾಫಿ ಕೊಡುತ್ತಾ ಕೂರಿಸುತ್ತಾರೆ ಎಂದು ಅವರಿಗೆ ಹೆದರಿಕೆ. ಕೆಲವು ತಿಂಗಳಿಂದ ಗಾಡಿ ನನ್ನ ಕೈಗೆ ಕೊಟ್ಟಿದ್ದರು, ಮೊಣಕಾಲು ನೋವು ಎಂದು. ನಾನು ಪಾಪ ಎಂದುಕೊಂಡು ಊರಿಂದ ಧನ್ವಂತರಿ ತೈಲ ತರಿಸಿ ಕೊಟ್ಟಿದ್ದೆ. ಅವರು ಅದನ್ನು ಬೇಜಾರಿಲ್ಲದೆ ಹಚ್ಚಿಕೊಂಡರು.

ಹಾಗಿರುವಾಗ ಒಂದು ದಿನ ಅಂಗಡಿಯಲ್ಲಿ, ತಮ್ಮನ ಎದುರಿಗೇ, ತಾನೊಂದು ಕೋವಿ ಕೊಳ್ಳುವುದಾಗಿ ಸಾರಿದರು. ಅಪ್ಪನ ಕೋವಿ ದೊಡ್ಡಣ್ಣನ ಮನೆ ಸೇರಿತ್ತಂತೆ. ಸ್ವಂತದ್ದು ಅಂತ ಒಂದು ಇದುವರೆಗೆ ಇರಲಿಲ್ಲ. ನರಿ ಆಡಿನ ಮರಿ ಎತ್ತುತ್ತದೆ, ಮನೆ ಒಂಟಿ, ಚಳಿಗಾಲದಲ್ಲಿ ಮೊಲದ ಬೇಟೆಗೂ ಆಯಿತು ಎಂದರು. ತಮ್ಮ “ಈ ವಯಸ್ಸಿನಲ್ಲಿ ಬೇಟೆಯಾ?” ಎಂದ. ಅಣ್ಣ ನನ್ನ ಕಡೆ ತಿರುಗಿ, “ಇವನು ನನ್ನ ಜೊತೆ ಬರುತ್ತಾನೆ. ಇವನ ಜನಕ್ಕೆ ಆಯುಧ ಗೊತ್ತು” ಎಂದರು.

ತಪ್ಪು ನನ್ನದೇ ಇರಬೇಕು. ಹಿಂದಿನ ವರ್ಷ ನವರಾತ್ರಿಯಲ್ಲಿ ಅಂಗಡಿಯ ತಕ್ಕಡಿ, ಪೈಪು ಕೊಯ್ಯುವ ಗರಗಸ, ಪಿಕಪ್ಪು ಎಲ್ಲಕ್ಕೂ ಕುಂಕುಮ ಹಚ್ಚಿದ್ದೆ. ಇದೇನು ಎಂದು ಅರ್ಬಾಬ್ ಕೇಳಿದರು. ನನ್ನ ಹರುಕು ಹಿಂದಿಯಲ್ಲಿ, ಇವತ್ತು ನಾವು ಆಯುಧಗಳಿಗೆ ಪೂಜೆ ಮಾಡುತ್ತೇವೆ ಎಂದಿದ್ದೆ. ತಕ್ಕಡಿಯನ್ನು ನೋಡಿ ಅವರು ತಲೆಯಾಡಿಸಿದ್ದರು. ಅಂದಿನಿಂದ ಅವರ ಲೆಕ್ಕದಲ್ಲಿ ನಾನು ಯೋಧರ ವಂಶದವನು. ನಿಜ ಹೇಳಬೇಕೆಂದರೆ ನಾನು ನೋಡಿದ ಕೋವಿ ಒಂದೇ. ಮಾವನ ಮನೆಯ ಅಟ್ಟದಲ್ಲಿ ಹಳೇ ಸೀರೆ ಸುತ್ತಿ ಇಟ್ಟದ್ದು, ಚುನಾವಣೆ ಬಂದಾಗ ಠಾಣೆಗೆ ಹೋಗಿ ಕೂತು ವಾಪಸು ಬರುತ್ತಿತ್ತು.

ಮನೆಯಲ್ಲಿ ಹೇಳಿದೆ. ಹೆಂಡತಿ ಬಂಗುಡೆ ಕೊಯ್ಯುತ್ತಿದ್ದವಳು ಕತ್ತಿ ನಿಲ್ಲಿಸಿದಳು. “ಎಂತ ಮಾರಾಯ್ರೆ, ನಿಮಗೆ ಜಿರಳೆ ಹೊಡೀಲಿಕ್ಕೆ ಧೈರ್ಯ ಇಲ್ಲ. ಕೋವಿ ಆರಿಸ್ಲಿಕ್ಕೆ ಹೋಗುದಾ?”

“ನನ್ನನ್ನು ಕೇಳಿದ್ರಾ ಅವರು?”

“ಹೋಗಿ ಬನ್ನಿ. ಮುಟ್ಟುವ ಮುಂಚೆ ದೇವರನ್ನು ನೆನೆಸಿಕೊಳ್ಳಿ” ಎಂದಳು.

ಶುಕ್ರವಾರ ಬೆಳಿಗ್ಗೆ ನಿಜ್ವಾದ ಸಂತೆಗೆ ಹೋದೆವು. ಹಿಂದಿನ ಸೀಟಿನಲ್ಲಿ ತಮ್ಮನೂ ಇದ್ದ. ಕರೆಯದೆ ಬಂದವನು. ಕೋಟೆಯ ಪಕ್ಕ ಆಡು ಹರಾಜಾಗುವ ಜಾಗ ದಾಟಿದರೆ ಮುದುಕರು ಕೋವಿ ಹಿಡಿದು ಊರುಗೋಲಿನ ಹಾಗೆ ಊರಿಕೊಂಡು ನಿಂತಿರುತ್ತಾರೆ. ಪೊಲೀಸರ ಅನುಮತಿ ಅರ್ಬಾಬರ ಜೇಬಿನಲ್ಲಿತ್ತು. ಅವರು ಒಂದೊಂದನ್ನೇ ಇಸಿದುಕೊಂಡು, ನಳಿಗೆಯ ಮೇಲೆ ಬೆರಳು ಓಡಿಸಿ, ನನ್ನ ಮುಂದೆ ಹಿಡಿಯುವರು. “ಇಂಗ್ಲಿಷರು ಏನು ಬರೆದಿದ್ದಾರೆ, ಓದು.” ಅದೆಲ್ಲ ಬ್ರಿಟಿಷರ ಕಾಲದ ಮಾಲು. ನಾನು ಓದುತ್ತಿದ್ದೆ. ಒಂದು ಕಿರೀಟ, ಎರಡು ಅಕ್ಷರ, ಸವೆದ ಒಂದು ಇಸವಿ. ಓದಿದ್ದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ಅವರು ಮಾತ್ರ ಹೂಂ ಎನ್ನುತ್ತಿದ್ದರು.

ಸಲಹೆಗೇನು ಬರವೇ? ಒಬ್ಬ ಮುದುಕ, ಮನೆ ಕಾಯುವುದಕ್ಕೆ ಗಿಡ್ಡ ನಳಿಗೆ ಬೇಕು, ಬಾಗಿಲಲ್ಲಿ ತಿರುಗಿಸಲು ಸುಲಭ ಎಂದ. ಇನ್ನೊಬ್ಬ, ಬೇಟೆಗೆ ಉದ್ದವೇ ಸರಿ, ಗಿಡ್ಡದ್ದು ಮೊಲವನ್ನು ನಗಿಸುತ್ತದೆ ಎಂದ. ಮತ್ತೊಬ್ಬ, ಮದುವೆ ಮನೆಗೆ ಹಿಡಿದು ಹೋಗಲು ಬೆಳ್ಳಿ ಪಟ್ಟಿ ಇಲ್ಲದ ಕೋವಿ ಕೋವಿಯೇ ಅಲ್ಲ ಎಂದ. ಮೂರೂ ಸರಿಯೇ ಅನ್ನಿಸಿತು. ನನ್ನ ತಲೆ ಮೊಸರು ಗಡಿಗೆಯಾಯಿತು.

ಕೊನೆಗೆ ಅರ್ಬಾಬರ ಕೈ ಒಂದರ ಮೇಲೆ ನಿಂತಿತು. ಒಂದೇ ಗುಂಡು ಹಾಕುವ ಉದ್ದನೆಯ ಹಳೇ ಕೋವಿ, ಬೆಳ್ಳಿ ಪಟ್ಟಿಯದ್ದು. ಮಾರುವವನು ಉತ್ಸಾಹದಿಂದ, “ಒಣ ಹೊಳೆಯ ಆಚೆ ಆ ಬಿಳೀ ಕಲ್ಲು ಕಾಣುತ್ತಲ್ಲ, ನಡೆಯಿರಿ, ಹೊಡೆದು ನೋಡಿ” ಎಂದ. ನನಗೆ ಕಲ್ಲು ಚೆನ್ನಾಗಿ ಕಾಣುತ್ತಿತ್ತು. ಅರ್ಬಾಬ್ ಆ ಕಡೆ ಮುಖ ಮಾಡಿದರು. ತಮ್ಮ ಅವರನ್ನೇ ನೋಡುತ್ತಿದ್ದ. ಆಮೇಲೆ ಅವರು ಕೋವಿಯನ್ನು ನನ್ನ ಕೈಗೆ ಹಾಕಿ, “ಮೊದಲು ಇವನು ನೋಡಲಿ” ಎಂದರು.

ಅಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ. ಸುತ್ತ ಜನ. ಏನು ಮಾಡಲಿ? ಹೊಸ ಪುಸ್ತಕ, ಹೊಸ ಕತ್ತಿ, ಮೊದಲ ಸಂಬಳ ಏನು ಕೈಗೆ ಬಂದರೂ ನಮ್ಮವರು ಮಾಡುವುದನ್ನೇ ಮಾಡಿದೆ. ಕೋವಿಯ ಮರವನ್ನು ಬಲಗೈಯಿಂದ ಮುಟ್ಟಿ, ಆ ಬೆರಳುಗಳನ್ನು ಎರಡು ಕಣ್ಣಿಗೂ ಒತ್ತಿಕೊಂಡೆ.

ನನಗೆ ತಾಗಿಯೇ ನಿಂತಿದ್ದ ಅರ್ಬಾಬರ ಮುಖ ಕಪ್ಪಿಟ್ಟಿತು. ಕೋವಿಯನ್ನು ನನ್ನ ಕೈಯಿಂದ ಕಿತ್ತು ಮಾರುವವನಿಗೆ ಕೊಟ್ಟು “ಖಲಾಸ್” ಎಂದರು. ತಿರುಗಿ ನಡೆದರು. ದಾರಿಯಲ್ಲಿ ಒಂದು ಆಡಿಗೆ ಎಡವಿದರು. ನಾನು ಕಕ್ಕಾಬಿಕ್ಕಿಯಾಗಿ ಹಿಂದೆ ಓಡಿದೆ. ತಮ್ಮ ಸಂತೆಯಲ್ಲೇ ಉಳಿದ, ಯಾರದೋ ಗಾಡಿಯಲ್ಲಿ ಬರುತ್ತೇನೆ ಎಂದ.

ಮಸ್ಕತ್ತಿನ ದಾರಿ ಹಿಡಿದೆವು. ಕೆಲಸ ಹೋಯಿತು, ವೀಸಾ ರದ್ದು, ಹೆಂಡತಿಗೆ ಏನು ಹೇಳಲಿ ಎಂದೆಲ್ಲ ಯೋಚಿಸುತ್ತ ಗಾಡಿ ಬಿಡುತ್ತಿದ್ದೆ. ಮಾಡಿದ ತಪ್ಪು ಏನೆಂದು ಗೊತ್ತಿಲ್ಲದೆ ಬೈಸಿಕೊಳ್ಳಲು ಕಾಯುವುದರಷ್ಟು ಕೆಟ್ಟದ್ದು ಇನ್ನಿಲ್ಲ. ನನಗೆ ಸಿಟ್ಟೂ ಬಂತು.

ಕೊನೆಗೆ ಅವರೇ ಕೇಳಿದರು. “ನನ್ನ ಕಣ್ಣಿನ ವಿಷಯ ನಿನಗೆ ಯಾರು ಹೇಳಿದರು?”

“ಯಾವ ಕಣ್ಣು, ಅರ್ಬಾಬ್?”

“ಎಲ್ಲರ ಎದುರು ತೋರಿಸಿದೆಯಲ್ಲ. ಬಂದೂಕು ಮುಟ್ಟಿದೆ, ಕಣ್ಣು ಮುಟ್ಟಿದೆ. ಈ ಮುದುಕನಿಗೆ ಬಂದೂಕು ಯಾಕೆ, ಕಣ್ಣಿಲ್ಲ ಅಂತ.”

ಗಾಡಿ ಬದಿಗೆ ನಿಲ್ಲಿಸಿದೆ. ನಮ್ಮ ಕಡೆ ಅದು ಮರ್ಯಾದೆ, ಪುಸ್ತಕ ಕಾಲಿಗೆ ತಾಗಿದರೂ ಹಾಗೇ ಮಾಡುತ್ತೇವೆ ಎಂದು ಹಿಂದಿ, ಅರಬ್ಬಿ, ಕೈಬಾಯಿ ಎಲ್ಲ ಸೇರಿಸಿ ಹೇಳಿದೆ. ಡ್ಯಾಶ್‌ಬೋರ್ಡನ್ನು ಮುಟ್ಟಿ ಕಣ್ಣಿಗೊತ್ತಿ ತೋರಿಸಿದೆ. ಅವರು ನನ್ನ ಮುಖಕ್ಕೆ ಬಹಳ ಹತ್ತಿರ ಬಂದು ನೋಡಿದರು. ಆಗ, ಅಷ್ಟು ಹತ್ತಿರ ಬಂದಾಗ, ಆ ಕಣ್ಣಿನ ಮೇಲಿನ ಮಬ್ಬು ನನಗೆ ಕಂಡಿತು. ಯಾರಿಗೂ ಹೇಳದ್ದನ್ನು ತಾವೇ ಹೇಳಿಬಿಟ್ಟಿದ್ದು ಅವರಿಗೂ ಆಗಲೇ ತಿಳಿದಿರಬೇಕು.

“ತಮ್ಮನಿಗೆ ಹೇಳಬೇಡ” ಎಂದರು.

“ಆಯ್ತು ಅರ್ಬಾಬ್” ಎಂದೆ. ಅವರ ಮೇಲೆ ನನಗೆ ಅಷ್ಟು ಪ್ರೀತಿ ಇದೆ ಎಂದು ಅಲ್ಲಿವರೆಗೆ ನನಗೇ ಗೊತ್ತಿರಲಿಲ್ಲ.

ಮುಂದಿನ ಶುಕ್ರವಾರ ಮತ್ತೆ ನಿಜ್ವಾ. ಮತ್ತೆ ಹಿಂದಿನ ಸೀಟಿನಲ್ಲಿ ತಮ್ಮ. ಅದೇ ಕೋವಿ ಇತ್ತು. ಅರ್ಬಾಬ್ ಅದನ್ನು ತೆಗೆದುಕೊಂಡು, “ಹಿಂದೂಸ್ತಾನದವರು ಆಯುಧಕ್ಕೆ ಮರ್ಯಾದೆ ಕೊಡುವುದು ಹೀಗೆ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಇಡೀ ಕೋವಿಯನ್ನೇ ಎತ್ತಿ ಕಣ್ಣಿಗೆ ಒತ್ತಿಕೊಂಡರು. ನಿಧಾನವಾಗಿ, ಹಿಡಿಯಿಂದ ನಳಿಗೆಯ ತುದಿವರೆಗೆ. ಜನ ಮೆಚ್ಚಿಕೊಂಡು ನೋಡಿದರು. ಅಷ್ಟು ಹತ್ತಿರ ಹಿಡಿದು ಅವರು ಕೋವಿಯನ್ನು ಮೊದಲ ಸಲ ನೋಡುತ್ತಿದ್ದಾರೆ ಎಂದು ನನಗೆ ಮಾತ್ರ ಗೊತ್ತಿತ್ತು, ಅಥವಾ ಹಾಗೆಂದು ನಾನು ತಿಳಿದಿದ್ದೆ.

ಮಾರುವವನು ಈ ಸಲ ಬಿಳೀ ಕಲ್ಲಿನ ಸುದ್ದಿ ಎತ್ತಲಿಲ್ಲ. ಅರ್ಬಾಬರೂ ಪರೀಕ್ಷೆ ಬೇಡ ಎಂದರು. ವ್ಯಾಪಾರ ಮುಗಿಯಿತು. ಅವರು ಕಾಫಿ ಕುಡಿಯಲು ಕೂತಾಗ ತಮ್ಮ ನನ್ನನ್ನು ಗೋಡೆಯ ಮರೆಗೆ ಕರೆದ. “ನೋಡು ಗೆಳೆಯಾ. ಗುಂಡಿನ ಬೆನ್ನಿಗೆ ಬಡಿಯುವ ಮೊಳೆ ಇರುತ್ತದಲ್ಲ, ಅದನ್ನು ಹೋದ ವಾರವೇ ತೆಗೆಸಿದ್ದೇನೆ. ಅದು ಇನ್ನು ಸಿಡಿಯುವುದಿಲ್ಲ. ಅಣ್ಣನಿಗೆ ಕಣ್ಣು ಕಾಣುವುದಿಲ್ಲ ಅಂತ ನಮಗೆಲ್ಲ ಗೊತ್ತು. ಹೇಳಿದರೆ ನೊಂದುಕೊಳ್ಳುತ್ತಾನೆ. ನೀನೂ ಹೇಳಬೇಡ.”

“ಆಯ್ತು” ಎಂದೆ. ಇನ್ನೇನು ಹೇಳಲಿ? ಅತ್ತ ದರಿ, ಇತ್ತ ಪುಲಿ.

ಆಮೇಲಿನ ತಿಂಗಳುಗಳಲ್ಲಿ ನನ್ನ ನೆಮ್ಮದಿ ಹಾಳಾಯಿತು. ಕೋವಿ ಅಮೇರಾತಿನ ಮಜ್ಲಿಸಿನ ಗೋಡೆಯ ಮೇಲೆ ತೂಗುತ್ತಿತ್ತು. ಬಂದವರಿಗೆಲ್ಲ ಅರ್ಬಾಬ್ ಅದನ್ನು ಕಣ್ಣಿಗೊತ್ತಿ ತೋರಿಸುವರು. ನನಗೆ ಒಂದೇ ಭಯ. ಒಂದು ದಿನ ನರಿ ಬರುತ್ತದೆ, ಅಥವಾ ಕಳ್ಳನೇ ಬರುತ್ತಾನೆ, ಇವರು ಎಲ್ಲರ ಎದುರು ಕೋವಿಯ ಕುದುರೆ ಎಳೆಯುತ್ತಾರೆ, ಅದು ಬರೀ ಟಿಕ್ ಎನ್ನುತ್ತದೆ. ಆಗ ಆ ಮುಖ ನಾನು ನೋಡಬೇಕು. ಹೇಳಿಬಿಡಲೇ? ತಮ್ಮನಿಗೆ ಕೊಟ್ಟ ಮಾತು? ಹೆಂಡತಿ, “ನೀವು ಯಾರ ಕಡೆ ಅಂತ ಮೊದಲು ತೀರ್ಮಾನ ಮಾಡಿ” ಎಂದಳು. ಅದೇ ಆಗುತ್ತಿರಲಿಲ್ಲ.

ಒಂದು ಸಂಜೆ ಅವರನ್ನು ಮನೆಗೆ ಬಿಟ್ಟಾಗ ಕೊಟ್ಟಿಗೆಯಲ್ಲಿ ಗಲಾಟೆ. ನರಿ ಮರಿಯೊಂದನ್ನು ಎಳೆದು ಹೋಗಿತ್ತು. ಅರ್ಬಾಬ್ ಮಜ್ಲಿಸಿನ ಗೋಡೆಯ ಕೆಳಗೆ ಕೂತೇ ಇದ್ದರು, ಕೋವಿಯ ಕಡೆ ಕೈ ಹೋಗಲಿಲ್ಲ. ಅಂಗಳದಲ್ಲಿ ಅವರ ಮೊಮ್ಮಕ್ಕಳು ಕೂಗುತ್ತಾ ಆಡುಗಳ ನಡುವೆ ಓಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಗುಂಡು ತಂದುಕೊಡಬೇಕೇ ಎಂದು ಕೇಳಿಬಿಟ್ಟೆ. ಯಾಕೆ ಕೇಳಿದೆನೋ, ತರಲು ನನಗೆ ಯಾವ ಅಧಿಕಾರವೂ ಇರಲಿಲ್ಲ.

ಅವರು ನನ್ನ ಮೊಣಕೈ ಹಿಡಿದು ಹತ್ತಿರ ಎಳೆದುಕೊಂಡರು. “ನಾನು ಗುಂಡು ಕೊಂಡೇ ಇಲ್ಲ. ಅಲ್ಲಿ ಓಡುವುದರಲ್ಲಿ ಆಡು ಯಾವುದು, ಮಗು ಯಾವುದು, ನನಗೆ ಕಾಣುತ್ತದೆಯೇ? ತಮ್ಮನಿಗೆ ಮಾತ್ರ ಹೇಳಬೇಡ. ಮನೆಯಲ್ಲಿ ಕೋವಿ ಇದೆ ಎಂದು ಅವನಿಗಾದರೂ ಸ್ವಲ್ಪ ಹೆದರಿಕೆ ಇರಲಿ.”

“ಆಯ್ತು ಅರ್ಬಾಬ್” ಎಂದೆ. ಎದ್ದು ಬರುವಾಗ ಗೋಡೆಯ ಮೇಲಿನ ಕೋವಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಮೊಳೆಯೂ ಇಲ್ಲ, ಗುಂಡೂ ಇಲ್ಲ. ಅದು ಆ ಮನೆಯಲ್ಲಿ ಯಾರನ್ನು ಕಾಯುತ್ತಿದೆ ಎಂದು ಗುಡ್ಡ ದಾಟಿ ದಾರ್ಸೈಟ್ ತಲುಪುವವರೆಗೂ ಯೋಚಿಸಿದೆ. ಹೆಂಡತಿಗೆ ಹೇಳಲು ಬಾಯಿ ತೆರೆದೆ, ಹೇಳಲಾಗದೆ ಅತ್ತುಬಿಟ್ಟೆ.