ಆಮೆಯಿಲ್ಲದ ಊರಿನ ಉಣುಗು

ದನ, ನಾಯಿ, ಆಮೆಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗನ್ನು ಕಂಡರೆ ಎಲ್ಲರೂ ಹೊಸಕಿ ಹಾಕುತ್ತಾರೆ. ಉಣುಗಮ್ಮ ಮಾತ್ರ "ಎಲ್ಲಿಂದ ಬಂದೆಯಪ್ಪಾ?" ಎಂದು ಕೇಳುತ್ತಿದ್ದರು. ಪ್ರಾಣಿ ಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ, ಸ್ಪಿರಿಟ್ಟಿನ ಸೀಸೆಗಳ ನಡುವೆ ಕುಳಿತು, ಯಾವ ಜಾತಿಯ ಉಣುಗು ಯಾವ ಊರಿನಲ್ಲಿದೆ ಎಂದು ನಕ್ಷೆ ಬರೆಯುವುದು ಅವರ ಕೆಲಸ. ಜೊತೆಯವರು ಇಟ್ಟ ಅಡ್ಡಹೆಸರೇ ಕೊನೆಗೆ ನಿಂತುಬಿಟ್ಟಿತು. ಮನೆಗೆ ಬಂದ ನೆಂಟರನ್ನು ಮಾತನಾಡಿಸುವ ಮೊದಲು ಅವರ ಕಾಲರಿನ ಹಿಂಬದಿಯನ್ನೊಮ್ಮೆ ನೋಡುವುದು ಅವರ ಚಾಳಿ.

ಅವರ ಕೋಣೆಯಲ್ಲೊಂದು ಕಟ್ಟಳೆಯಿತ್ತು. ನಂಬಬಹುದಾದ ಕಡೆ ತುಂಬಿದ ಚುಕ್ಕೆ. ಅನುಮಾನವಿದ್ದ ಕಡೆ ಒಳಗೆ ಏನೂ ಇಲ್ಲದ ಸೊನ್ನೆ. ಅನುಮಾನಕ್ಕೆ ಕಾರಣ ಸಾಮಾನ್ಯವಾಗಿ ಒಂದೇ. ಜನ ಉಣುಗನ್ನು ಕಿತ್ತ ಊರಿನ ಹೆಸರು ಬರೆದು ಕಳಿಸುತ್ತಾರೆ, ಅದು ಹತ್ತಿಕೊಂಡ ಊರಿನದನ್ನಲ್ಲ. ಉಣುಗು ಹೊತ್ತ ಕುದುರೆ ಬೇರೆ ಊರಿನಿಂದ ರೈಲಿನಲ್ಲಿ ಬಂದದ್ದು ಯಾರಿಗೂ ನೆನಪಾಗುವುದಿಲ್ಲ.

ಆಮೆಯ ಉಣುಗಿನ ನಕ್ಷೆಯನ್ನು ಹೊಸದಾಗಿ ಬರೆಯುವ ಸರದಿ ಬಂದಾಗ ಅವರಿಗೆ ತಲೆನೋವು ಶುರುವಾಯಿತು. ಚುಕ್ಕೆಗಳೆಲ್ಲ ಬಿಸಿಲಿನ ಸಮುದ್ರತೀರದಲ್ಲಿ ಗುಂಪುಗೂಡಿದ್ದವು. ಒಂದು ಮಾತ್ರ ದೂರದ ಚಳಿಬೆಟ್ಟದ ಮೇಲೆ ಒಂಟಿಯಾಗಿ ಕುಳಿತಿತ್ತು. ಅದು ಅವರ ಸ್ವಂತ ಭಾವನ, ಅಂದರೆ ಅಕ್ಕನ ಗಂಡನ ಚುಕ್ಕೆ. ದನದ ಡಾಕ್ಟರಾಗಿದ್ದ ಭಾವ, ಮದುವೆಯಾದ ಹೊಸತರಲ್ಲಿ ತಮ್ಮ ಕೋಟಿನ ತೋಳಿನಲ್ಲಿ ಸಿಕ್ಕ ಉಣುಗನ್ನು ಸಂಗ್ರಹಾಲಯಕ್ಕೆ ಕಳಿಸಿದ್ದರು. ಹಳೆಯ ನಕ್ಷೆಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿ, ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಿದ್ದರು. ಬಾಳಿನಲ್ಲಿ ಅವರಿಗೆ ಬಂದ ಹೆಸರೆಂದರೆ ಅದೊಂದೇ. ಅದನ್ನು ಅಳಿಸಿದರೆ ಮುದುಕನ ಬಾಯಿಂದ ತುತ್ತು ಕಿತ್ತಂತೆ. ಬಿಟ್ಟರೆ ನಕ್ಷೆ ಸುಳ್ಳಾಗುತ್ತದೆ.

ನೋಡಿಯೇ ಬಿಡೋಣವೆಂದು ಉಣುಗಮ್ಮ ಅಕ್ಕ-ಭಾವನ ಊರಿದ್ದ ಆ ಬೆಟ್ಟ ಹತ್ತಿದರು. ಬಿಳಿ ಬಟ್ಟೆಯನ್ನು ಹುಲ್ಲಿನ ಮೇಲೆ ಎಳೆದುಕೊಂಡು ಹೋದರೆ ಉಣುಗುಗಳು ಅದಕ್ಕೆ ಹತ್ತಿಕೊಳ್ಳುತ್ತವೆ. ಒಗೆದ ಬಟ್ಟೆಯನ್ನು ಈ ಹೆಂಗಸು ಮತ್ತೆ ಯಾಕೆ ಕೊಳೆ ಮಾಡುತ್ತಿದ್ದಾಳೆಂದು ಓಣಿಯವರು ಕಿಟಕಿಗಳಿಂದ ನೋಡಿದರು. ಹಿಂದೆ ಕೊಡೆ ಹಿಡಿದ ಭಾವ.

"ಆ ಪೊದೆ ಹತ್ರ ಎಳಿಯಮ್ಮಾ. ಅಲ್ಲಿ ಇದ್ದೇ ಇರುತ್ತೆ."

"ಭಾವ, ಈ ಊರಲ್ಲಿ ಯಾರಾದ್ರೂ ಆಮೆ ನೋಡಿದಾರಾ?"

"ಆಮೆ ನಾಚಿಕೆ ಪ್ರಾಣಿ. ನಿನ್ನ ಹಾಗೆ ಬೀದೀಲಿ ಬಟ್ಟೆ ಎಳ್ಕೊಂಡು ಓಡಾಡುತ್ತಾ?"

ಸಿಕ್ಕಿದ್ದು ಬರೀ ನಾಯಿಯ ಉಣುಗು, ಜೊತೆಗೆ ಭಾವ ಎಂದೋ ಕಳೆದುಕೊಂಡಿದ್ದ ಅಂಗಿಯ ಗುಂಡಿ.

ಮಧ್ಯಾಹ್ನ ಭಾವ ಮಲಗಿದಾಗ ಉಣುಗಮ್ಮ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದ ಅಕ್ಕನ ಮುಂದೆ ಗೋಳು ತೋಡಿಕೊಂಡರು. ಅಕ್ಕ ತಲೆ ಎತ್ತಲಿಲ್ಲ.

"ನನ್ನ ಮದುವೆ ಆದಾಗ ನಮ್ಮನೆ ಆಮೆ ಕಳೆದುಹೋಯ್ತು ಅಂತ ನೀನು ಅತ್ತಿದ್ದು ನೆನಪಿದ್ಯಾ?"

"ಇಲ್ದೆ ಏನು. ಆಮೇಲೆ ಹಿತ್ತಲಲ್ಲೇ ಸಿಕ್ತಲ್ಲ."

"ನನ್ನ ಬಟ್ಟೆ ಬುಟ್ಟೀಲಿ ಕೂತು ಈ ಊರು ನೋಡ್ಕೊಂಡು ಬಂದಮೇಲೆ ಸಿಕ್ತು."

ಗೊತ್ತಿಲ್ಲದ ಊರು, ಗೊತ್ತಿಲ್ಲದ ಗಂಡ. ಸಮುದ್ರತೀರದ ತವರಿನದೊಂದು ಮುಖವಾದರೂ ಇರಲೆಂದು ಅಕ್ಕ ಆಮೆಯನ್ನು ತಂದು, ಗಂಡನ ಕೋಟುಗಳಿದ್ದ ಪೆಟ್ಟಿಗೆಯಲ್ಲಿ ಅಡಗಿಸಿಟ್ಟಿದ್ದರಂತೆ. ಚಳಿಗೆ ಅದು ಮಂಕಾದಾಗ, ನೋಡಲು ಬಂದ ಅಪ್ಪನ ಕೈಯಲ್ಲಿ ಗುಟ್ಟಾಗಿ ವಾಪಸು ಕಳಿಸಿದರಂತೆ.

"ಇಷ್ಟು ವರ್ಷ ಭಾವನಿಗೆ ಹೇಳ್ಲೇ ಇಲ್ವಾ?"

"ಹೇಳೋಣ ಅನ್ನೋವಷ್ಟರಲ್ಲಿ ನಕ್ಷೆಗೆ ಕಟ್ಟು ಹಾಕಿಸಿಬಿಟ್ಟಿದ್ರು. ನೀನು ಬರಿ. ಬೈಸ್ಕೊಳ್ಳೋದು ನಾನು ತಾನೆ?"

ಉಣುಗಮ್ಮ ಊರಿಗೆ ಮರಳಿ ಚುಕ್ಕೆಯ ಒಡಲು ಖಾಲಿ ಮಾಡಿದರು. ಸೊನ್ನೆ ಹಾಕಿದರೆ ಕೆಳಗೆ ಕಾರಣ ಕೊಡಲೇಬೇಕು: 'ವಧುವಿನ ಬಟ್ಟೆ ಬುಟ್ಟಿಯಲ್ಲಿ ಬಂದ ಆಮೆಯದು.' ಅಚ್ಚಾದ ನಕ್ಷೆಯನ್ನು ಅಂಚೆಗೆ ಹಾಕಲು ಮನಸ್ಸು ಬಾರದೆ ತಾವೇ ಒಯ್ದರು.

ಭಾವ ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಹೆಂಡತಿಯ ಕಡೆ ತಿರುಗಿದರು.

"ಹಾಗಾದ್ರೆ ಆಗ ಅಷ್ಟೊಂದು ಸೊಪ್ಪು ತಿಂತಿದ್ದದ್ದು ನೀನಲ್ವಾ?"

"ಅಲ್ಲ."

"ನಿಮ್ಮಪ್ಪನ ಹತ್ರ ದೂರು ಬೇರೆ ಹೇಳಿದ್ದೆನಲ್ಲೇ."

"ಗೊತ್ತು. ಅವರು ನಗು ತಡೀಲಾರದೆ ಹೊರಗೆ ಎದ್ದು ಹೋದ್ರಲ್ಲ."

ಉಣುಗಮ್ಮ ನೆಲ ನೋಡುತ್ತ ಕುಳಿತಿದ್ದರು. ಭಾವ ಭೂತಗನ್ನಡಿ ಹುಡುಕಿ ತಂದು, ನಕ್ಷೆಯ ತುದಿಯಿಂದ ತುದಿಗೆ ಬಗ್ಗಿ ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿದರು.

"ಚುಕ್ಕೆ ಎಷ್ಟೋ ಜನರದ್ದಿದೆ. ಸೊನ್ನೆ ಇರೋದು ಒಂದೇ. ಅದು ನಂದು," ಎಂದು ಗೋಡೆಯಿಂದ ಹಳೆಯ ಕಟ್ಟನ್ನು ಇಳಿಸತೊಡಗಿದರು.

"ನಿಮ್ಮದು ಹೇಗಾಗುತ್ತೆ?" ಎಂದರು ಅಕ್ಕ. "ಆಮೆ ತಂದೋಳು ನಾನು."